ಪೂರ್ತಿ ದುಡ್ಡು ಕೊಟ್ಟು ಅರ್ಧ ಔಷಧಿ ಯಾಕೆ ನುಂಗಬೇಕು?

ಓದುಗರ ಪ್ರಶ್ನೆ: ಔಷಧಿ ವಿಚಾರ
ಉತ್ತರಿಸುವವರು: ನಿವೃತ್ತ ಔಷಧಶಾಸ್ತ್ರ ಅಧ್ಯಾಪಕಿ, ಸರಸ್ವತಿಪುರಂ, ಮೈಸೂರು

ಹೋದ ಸಂಚಿಕೆಯಲ್ಲಿ ‘ಕೆಲವು ಮಾತ್ರೆಗಳು ನುಂಗುವಾಗ ಔಷಧಿಯೇ ಅಲ್ಲ, ಒಳಗೆ ಹೋದ ಮೇಲೆ ಔಷಧಿಯಾಗುತ್ತವೆ’ ಅಂತ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಕಾಗದ ಸಕ್ಕರೆ ಕಾಯಿಲೆಯ ಬಗ್ಗೆ ಮೂರು ಪುಟ ಬರೆದಾಗಲೂ ಬಂದಿರಲಿಲ್ಲ. ಹೆಚ್ಚಿನ ಪ್ರಶ್ನೆಗಳು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಕಾರ್ಬಾಕ್ಸಿಲ್‌ಎಸ್ಟರೇಸ್ ಎಂಬ ಕಿಣ್ವ. ಹೆಸರು ನಾಲಗೆಗೆ ಸಿಗುವುದಿಲ್ಲ, ಒಪ್ಪುತ್ತೇನೆ. ಪಠ್ಯಪುಸ್ತಕಗಳು ಕೂಡ ಔಷಧಿಗಳನ್ನು ಬದಲಿಸುವ ಸೈಟೋಕ್ರೋಮ್ ಎಂಬ ಇನ್ನೊಂದು ಕಿಣ್ವಗಳ ಗುಂಪಿಗೆ ಪುಟಗಟ್ಟಲೆ ಕೊಟ್ಟು ಇದಕ್ಕೆ ಒಂದು ಪ್ಯಾರಾ ಬಿಸಾಕುತ್ತವೆ. ಇದು ಅನ್ಯಾಯ ಅಂತ ಕ್ಲಾಸಿನಲ್ಲಿ ಹೇಳುತ್ತಲೇ ಇದ್ದೆ, ಈಗ ಇಲ್ಲಿ ಹೇಳುವ ಅವಕಾಶ ಸಿಕ್ಕಿದೆ.

*

ಪ್ರಶ್ನೆ: ನನಗೆ ಬಿಪಿಗೆ ಎನಾಲಾಪ್ರಿಲ್ ಬರೆದುಕೊಟ್ಟಿದ್ದಾರೆ. ನಿಮ್ಮ ಅಂಕಣ ಓದಿ ಡಾಕ್ಟರನ್ನು ಕೇಳಿದೆ. ‘ಹೌದು, ಅದು ಲಿವರ್‌ನಲ್ಲಿ ಔಷಧಿಯಾಗುತ್ತೆ’ ಅಂದರು. ಪೂರ್ತಿ ದುಡ್ಡು ಕೊಟ್ಟು ಅರ್ಧ ಔಷಧಿ ಯಾಕೆ ನುಂಗಬೇಕು? ಮುಗಿಸಿದ ಔಷಧಿಯನ್ನೇ ಮಾತ್ರೆ ಮಾಡಲು ಕಂಪನಿಯವರಿಗೆ ಏನು ಧಾಡಿ?
– ನಿವೃತ್ತ ಹೈಸ್ಕೂಲ್ ಶಿಕ್ಷಕರು, ಮಂಡ್ಯ

ಉತ್ತರ: ಮೇಷ್ಟ್ರೇ, ಆ ಮುಗಿಸಿದ ಔಷಧಿ ಇದೆ. ಅದರ ಹೆಸರು ಎನಾಲಾಪ್ರಿಲಾಟ್. ತೊಂದರೆ ಏನೆಂದರೆ ಅದನ್ನು ಬಾಯಲ್ಲಿ ನುಂಗಿದರೆ ಕರುಳು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ, ಹೆಚ್ಚಿನ ಪಾಲು ಹಾಗೇ ಹೊರಟುಹೋಗುತ್ತದೆ. ಕೊಟ್ಟರೆ ರಕ್ತನಾಳಕ್ಕೆ ಸೂಜಿಯಲ್ಲೇ ಕೊಡಬೇಕು. ದಿನಾ ಬೆಳಿಗ್ಗೆ ಬಿಪಿಗೆ ಸೂಜಿ ಹಾಕಿಸಿಕೊಳ್ಳಲು ನೀವು ತಯಾರಿದ್ದೀರಾ?

ಅದಕ್ಕೇ ರಸಾಯನಶಾಸ್ತ್ರದವರು ಆ ಅಣುವಿನ ಒಂದು ಆಮ್ಲದ ತುದಿಗೆ ಈಥೈಲ್ ಗುಂಪೊಂದನ್ನು ಕೂಡಿಸಿದರು. ಆಮ್ಲವೂ ಆಲ್ಕೋಹಾಲೂ ಕೂಡಿದ ಈ ಕೊಂಡಿಗೆ ಎಸ್ಟರ್ ಎನ್ನುತ್ತಾರೆ. ತುದಿ ಹೀಗೆ ಮುಚ್ಚಿಕೊಂಡ ಮೇಲೆ ಕರುಳು ತಕರಾರು ಮಾಡುವುದಿಲ್ಲ, ನುಂಗಿದ್ದರಲ್ಲಿ ನೂರಕ್ಕೆ ಸುಮಾರು 60 ಪಾಲು ರಕ್ತಕ್ಕೆ ಸೇರುತ್ತದೆ. ಆದರೆ ಮುಚ್ಚಿದ ತುದಿ ಮುಚ್ಚಿಯೇ ಇದ್ದರೆ ಬಿಪಿ ಇಳಿಯುವುದಿಲ್ಲ. ಅದನ್ನು ತೆಗೆಯುವ ಕೆಲಸ ಲಿವರ್‌ನಲ್ಲಿರುವ ಕಾರ್ಬಾಕ್ಸಿಲ್‌ಎಸ್ಟರೇಸ್-1ರದು. ನೀರಿನ ಒಂದು ಅಣು ಬಳಸಿ ಆ ಕೊಂಡಿಯನ್ನು ಕಡಿಯುತ್ತದೆ, ಅಷ್ಟೇ. ಆಗ ಎನಾಲಾಪ್ರಿಲಾಟ್ ಹೊರಬರುತ್ತದೆ.

ಇದಕ್ಕೆ ಸಮಯ ಹಿಡಿಯುತ್ತದೆ. ನೀವು ನುಂಗಿದ ಎನಾಲಾಪ್ರಿಲ್ ಒಂದು ಗಂಟೆಯ ಹೊತ್ತಿಗೆ ರಕ್ತದಲ್ಲಿ ತುಂಬಿಕೊಂಡಿರುತ್ತದೆ. ಕೆಲಸ ಮಾಡುವ ರೂಪ ತನ್ನ ಗರಿಷ್ಠ ಮಟ್ಟ ಮುಟ್ಟುವುದು ಮೂರು ನಾಲ್ಕು ಗಂಟೆಗೆ. ಮಾತ್ರೆ ನುಂಗಿ ಕಾಫಿ ಕುಡಿದು, ಅರ್ಧ ಗಂಟೆಗೆಲ್ಲ ತೋಳಿಗೆ ಬಿಪಿ ಮಿಷನ್ ಸುತ್ತಿಕೊಂಡು ‘ಇಳಿದೇ ಇಲ್ಲ’ ಎನ್ನುವವರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ. ರಾಮಿಪ್ರಿಲ್, ಪೆರಿಂಡೋಪ್ರಿಲ್‌ಗಳದ್ದೂ ಇದೇ ಜಾಡು. ಅದೇ ಗುಂಪಿನ ಲಿಸಿನೋಪ್ರಿಲ್ ಹಾಗಲ್ಲ, ಅದು ಹುಟ್ಟಿನಿಂದಲೇ ತಯಾರಾದ ಔಷಧಿ, ಲಿವರ್‌ನ ಹಂಗಿಲ್ಲ. ಸಿರೋಸಿಸ್ ಆದವರ ಲಿವರ್‌ನಲ್ಲಿ ಈ ಕಿಣ್ವದ ಕೆಲಸ ಕುಂದುತ್ತದೆ, ಎನಾಲಾಪ್ರಿಲ್ ತೆರೆಯುವುದು ನಿಧಾನವಾಗುತ್ತದೆ. ನಿಮ್ಮ ಲಿವರ್ ಸರಿಯಿದ್ದರೆ ಈ ಚಿಂತೆ ನಿಮಗೆ ಬೇಡ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೆ ಬೇರೊಬ್ಬರು ಖಂಡಿತ ಕೇಳುತ್ತಾರೆ. ಕೊಂಡಿ ಕಡಿದಾಗ ಬೇರ್ಪಡುವ ಈಥೈಲ್ ತುಂಡು ಆಲ್ಕೋಹಾಲೇ, ಸಾಕ್ಷಾತ್ ಈಥೈಲ್ ಆಲ್ಕೋಹಾಲ್. 5 ಮಿಲಿಗ್ರಾಂ ಮಾತ್ರೆಯಿಂದ ಒಂದು ಮಿಲಿಗ್ರಾಂ ಕೂಡ ಬರುವುದಿಲ್ಲ. ಏಕಾದಶಿಗೆ ಭಂಗವಿಲ್ಲ.

ಕಾರ್ಬಾಕ್ಸಿಲ್‌ಎಸ್ಟರೇಸ್‌ನ ಬಗೆಗಳಲ್ಲಿ ನಮ್ಮ ಔಷಧಿಗಳಿಗೆ ಮುಖ್ಯವಾದವು ಎರಡು. ಎರಡರ ಜೀನ್‌ಗಳೂ 16ನೇ ವರ್ಣತಂತುವಿನ ಮೇಲೇ ಇವೆ. ಒಂದನೆಯದು ಲಿವರ್‌ನಲ್ಲಿ ಹೇರಳ. ಎರಡನೆಯದು ಹೆಚ್ಚಾಗಿ ಸಣ್ಣ ಕರುಳಿನಲ್ಲಿ. ರುಚಿಯೂ ಬೇರೆ: ಎಸ್ಟರ್‌ನ ಆಲ್ಕೋಹಾಲ್ ಭಾಗ ಚಿಕ್ಕದು, ಆಮ್ಲದ ಭಾಗ ದೊಡ್ಡದು ಆದರೆ ಒಂದನೆಯದಕ್ಕೆ ಇಷ್ಟ. ನಿಮ್ಮ ಎನಾಲಾಪ್ರಿಲ್ ಹಾಗಿದೆ. ತಿರುವುಮುರುವಾದರೆ ಎರಡನೆಯದಕ್ಕೆ. ಆಸ್ಪಿರಿನ್‌ನಲ್ಲಿ ಅಂಟಿಕೊಂಡಿರುವ ಅಸಿಟೈಲ್ ಪುಟ್ಟದು, ಹಾಗಾಗಿ ಅದು ಎರಡನೆಯದರ ಪಾಲು. ಮುಂದಿನ ಉತ್ತರಗಳಿಗೆ ಇದಿಷ್ಟು ನೆನಪಿದ್ದರೆ ಸಾಕು.

*

ಪ್ರಶ್ನೆ: ನಮ್ಮ ಯಜಮಾನರಿಗೆ ಮೈಸೂರಿನಲ್ಲಿ ಸ್ಟೆಂಟ್ ಹಾಕಿ ಕ್ಲೋಪಿಡೋಗ್ರೆಲ್ 75 ಕೊಟ್ಟಿದ್ದಾರೆ. ಮೆಡಿಕಲ್ ಸ್ಟೋರಿನ ಹುಡುಗ ‘ಆಂಟಿ, ಅದರಲ್ಲಿ ಮುಕ್ಕಾಲು ಭಾಗ ವೇಸ್ಟ್ ಆಗುತ್ತೆ’ ಅಂದ. ನಮ್ಮ ಭಾವನವರಿಗೆ ಬೇರೆ ಮಾತ್ರೆ ಕೊಟ್ಟಿದ್ದಾರೆ. ನಮಗೆ ಅಗ್ಗದ್ದು ಕೊಟ್ಟು ಮೋಸ ಮಾಡಿದ್ದಾರಾ?
– ಗೃಹಿಣಿ, ಶ್ರೀರಂಗಪಟ್ಟಣ

ಉತ್ತರ: ಮೊದಲು ಒಂದು ಮಾತು. ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳದೆ ಈ ಮಾತ್ರೆಯನ್ನು ಒಂದು ದಿನವೂ ಬಿಡಬಾರದು. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಮತ್ತೆ ಆಂಬುಲೆನ್ಸ್. ಮೆಡಿಕಲ್ ಸ್ಟೋರಿನ ಹುಡುಗನ ಮಾತು ಕೇಳಿ ನಿಲ್ಲಿಸಿದ್ದರೆ, ಈ ಪುಟ ಕೆಳಗಿಟ್ಟು ಈಗಲೇ ಡಾಕ್ಟರಿಗೆ ಫೋನ್ ಮಾಡಿ.

ಹುಡುಗ ಹೇಳಿದ್ದು ಸುಳ್ಳಲ್ಲ, ಕಮ್ಮಿಯೇ ಹೇಳಿದ್ದಾನೆ. ದೇಹಕ್ಕೆ ಸೇರಿದ ಕ್ಲೋಪಿಡೋಗ್ರೆಲ್‌ನಲ್ಲಿ ನೂರಕ್ಕೆ ಸುಮಾರು 85 ಪಾಲನ್ನು ಲಿವರ್‌ನ ಕಾರ್ಬಾಕ್ಸಿಲ್‌ಎಸ್ಟರೇಸ್-1 ಕಡಿದು ನಿರುಪಯೋಗಿ ಆಮ್ಲ ಮಾಡಿಬಿಡುತ್ತದೆ. ಉಳಿದ 15 ಪಾಲಷ್ಟೇ ಸೈಟೋಕ್ರೋಮ್ ಕಿಣ್ವಗಳ ಕೈಗೆ ಸಿಕ್ಕಿ, ಎರಡು ಹಂತ ದಾಟಿ, ಪ್ಲೇಟ್‌ಲೆಟ್‌ಗಳನ್ನು ತಡೆಯುವ ರೂಪಕ್ಕೆ ಬರುತ್ತದೆ. ಮೇಷ್ಟ್ರ ಎನಾಲಾಪ್ರಿಲ್‌ಗೆ ಜೀವ ಕೊಟ್ಟ ಕಿಣ್ವವೇ ನಿಮ್ಮವರ ಮಾತ್ರೆಯ ಹೆಚ್ಚಿನ ಪಾಲನ್ನು ಹಾಳು ಮಾಡುತ್ತದೆ. ಮದ್ದೂರಿನಲ್ಲಿ ಎಳನೀರು ಕೊಚ್ಚುವವನ ಮಚ್ಚು ನೋಡಿದ್ದೀರಲ್ಲ? ಬುಡಕ್ಕೆ ಬಿದ್ದರೆ ಕುಡಿಯಲು ಬಾಯಿ ತೆರೆಯುತ್ತದೆ, ಹೊಟ್ಟೆಗೆ ಬಿದ್ದರೆ ನೀರೆಲ್ಲ ನೆಲದ ಪಾಲು. ಮಚ್ಚಿಗೆ ಈ ಕಾಯಿ ಆ ಕಾಯಿ ಎಂಬ ಭೇದ ಗೊತ್ತಿಲ್ಲ. ತನ್ನ ರುಚಿಗೆ ಹೊಂದುವ ಎಸ್ಟರ್ ಕೊಂಡಿ ಕಂಡಲ್ಲಿ ಕಡಿಯುವುದು ಈ ಕಿಣ್ವದ ಸ್ವಭಾವ. ಕಡಿದ ಮೇಲೆ ಉಳಿಯುವುದು ಔಷಧಿಯೋ ಕಸವೋ ಎನ್ನುವುದು ಅಣುವಿನ ಹಣೆಬರಹ.

ಮೋಸವೇನೂ ಆಗಿಲ್ಲ. 75 ಮಿಲಿಗ್ರಾಂ ಎಂದು ಗೊತ್ತುಮಾಡಿದ್ದೇ ಈ ನಷ್ಟವನ್ನೆಲ್ಲ ಸೇರಿಸಿದ ಪರೀಕ್ಷೆಗಳ ಮೇಲೆ. ಭಾವನವರದ್ದು ಟಿಕಾಗ್ರೆಲರ್ ಆಗಿದ್ದರೆ ಅದು ತಯಾರಾಗಿ ಬಂದ ಔಷಧಿ, ತೆರೆಯುವ ಅಗತ್ಯವೇ ಇಲ್ಲ. ಪ್ರಾಸುಗ್ರೆಲ್ ಆಗಿದ್ದರೆ ಇನ್ನೂ ಸ್ವಾರಸ್ಯ: ಅದನ್ನು ಕರುಳಿನ ಎರಡನೇ ಕಾರ್ಬಾಕ್ಸಿಲ್‌ಎಸ್ಟರೇಸ್ ಕಡಿಯಲೇಬೇಕು, ಆಮೇಲೆ ಸೈಟೋಕ್ರೋಮ್ ಮುಗಿಸುತ್ತದೆ. ಯಾರಿಗೆ ಯಾವುದು ಎಂದು ರಕ್ತಸ್ರಾವದ ಅಪಾಯ, ವಯಸ್ಸು, ತೂಕ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ. ಬೆಲೆಯೂ ಒಂದು ಲೆಕ್ಕ, ಅದರಲ್ಲಿ ನಾಚಿಕೆಯೇನಿಲ್ಲ.

ಕೆಲವರಲ್ಲಿ ಹುಟ್ಟಿನಿಂದಲೇ ಒಂದನೇ ಕಿಣ್ವದ ಅಮೈನೋ ಆಮ್ಲಗಳ ಸರಪಳಿಯ 143ನೇ ಜಾಗದಲ್ಲಿ ಗ್ಲೈಸಿನ್ ಬದಲು ಗ್ಲುಟಾಮಿಕ್ ಆಮ್ಲ ಕೂತಿರುತ್ತದೆ. ಅಷ್ಟಕ್ಕೇ ಕಿಣ್ವ ಮಂಕಾಗುತ್ತದೆ. ಅಂಥವರಲ್ಲಿ ಕ್ಲೋಪಿಡೋಗ್ರೆಲ್ ಜಾಸ್ತಿ ಉಳಿದು ಜಾಸ್ತಿ ಕೆಲಸ ಮಾಡುತ್ತದೆ, ಅದೇ ಕಿಣ್ವ ತೆರೆಯಬೇಕಾದ ಫ್ಲೂ ಔಷಧಿ ಒಸೆಲ್ಟಾಮಿವಿರ್‌ಗೆ ಅದು ಅಡ್ಡಿ. ಒಬ್ಬನೇ ಮನುಷ್ಯ, ಒಂದೇ ಕೊರತೆ, ಒಂದು ಔಷಧಿಗೆ ಲಾಭ, ಇನ್ನೊಂದಕ್ಕೆ ನಷ್ಟ. ಯಜಮಾನರಿಗೆ ಗ್ಯಾಸ್ಟ್ರಿಕ್‌ಗೆ ಒಮೆಪ್ರಜೋಲ್ ಕೊಡುತ್ತಿದ್ದರೆ ಅದನ್ನು ಮಾತ್ರ ಡಾಕ್ಟರಿಗೆ ನೆನಪಿಸಿ. ಉಳಿದ ಆ 15 ಪಾಲನ್ನು ತಯಾರು ಮಾಡುವ ಸೈಟೋಕ್ರೋಮ್‌ಗೆ ಅದು ಅಡ್ಡ ಬರುತ್ತದೆ.

*

ಪ್ರಶ್ನೆ: ನನಗೆ ಪಿತ್ತಕೋಶದ ಆಪರೇಷನ್ ಗೊತ್ತಾಗಿದೆ. ಅರಿವಳಿಕೆ ಡಾಕ್ಟರು ಬಂದು ‘ನೀವು ಆರ್ಯವೈಶ್ಯರಾ?’ ಅಂತ ಕೇಳಿದರು. ಹೌದು ಅಂದೆ. ಆಸ್ಪತ್ರೆಯಲ್ಲೂ ಜಾತಿ ಕೇಳುವುದು ಅಂದರೆ ಏನು? ಮನಸ್ಸಿಗೆ ಬೇಜಾರಾಯಿತು.
– ಓದುಗರು, ದೇವರಾಜ ಮೊಹಲ್ಲಾ, ಮೈಸೂರು

ಉತ್ತರ: ತಾಯಿ, ಕಾರಣ ಹೇಳದೆ ಕೇಳಿದ್ದು ಅವರ ತಪ್ಪು. ಕೇಳಿದ್ದು ತಪ್ಪಲ್ಲ. ಆ ಡಾಕ್ಟರು ಹುಷಾರಿನವರು, ಅವರ ಕೈಯಲ್ಲಿ ನಿಶ್ಚಿಂತೆಯಿಂದ ಆಪರೇಷನ್ ಮಾಡಿಸಿಕೊಳ್ಳಿ.

ಅರಿವಳಿಕೆ ಕೊಡುವಾಗ ಉಸಿರಿನ ಕೊಳವೆ ಹಾಕಲು ಸ್ನಾಯುಗಳನ್ನು ಸಡಿಲ ಮಾಡಬೇಕು. ಅದಕ್ಕೆ ಹಳೆಯ, ಬಹಳ ಬೇಗ ಕೆಲಸ ಮಾಡುವ ಔಷಧಿ ಸಕ್ಸಿನೈಲ್‌ಕೋಲಿನ್. ಆಸ್ಪತ್ರೆಯವರು ಸ್ಕೋಲಿನ್ ಅನ್ನುತ್ತಾರೆ. ಅದೂ ಎಸ್ಟರ್. ಅದನ್ನು ಕಡಿಯುವುದು ರಕ್ತದಲ್ಲಿರುವ ಬ್ಯುಟಿರೈಲ್‌ಕೋಲಿನ್‌ಎಸ್ಟರೇಸ್, ಇಂದಿನ ನಮ್ಮ ಕಿಣ್ವದ ದಾಯಾದಿ. ಎಲ್ಲರಲ್ಲೂ ಐದು ಹತ್ತು ನಿಮಿಷಕ್ಕೆ ಔಷಧಿ ಇಳಿದು ಉಸಿರು ವಾಪಸ್ ಬರುತ್ತದೆ. ಆರ್ಯವೈಶ್ಯ ಸಮುದಾಯದ ಕೆಲವು ಕುಟುಂಬಗಳಲ್ಲಿ ಮಾತ್ರ ಈ ಕಿಣ್ವ ಹುಟ್ಟಿನಿಂದಲೇ ಇರುವುದಿಲ್ಲ, ಅಥವಾ ತೀರಾ ಕಡಿಮೆ. 307ನೇ ಜಾಗದ ಲ್ಯೂಸಿನ್ ಬದಲು ಪ್ರೋಲಿನ್ ಬಂದಿರುವುದು ಕಾರಣ ಎಂದು ನಮ್ಮ ದೇಶದ ಸಂಶೋಧಕರೇ ಪತ್ತೆ ಮಾಡಿದ್ದಾರೆ. ಅಂಥವರಿಗೆ ಸ್ಕೋಲಿನ್ ಕೊಟ್ಟರೆ ಗಂಟೆಗಟ್ಟಲೆ ಉಸಿರಾಡುವ ಸ್ನಾಯು ಅಲುಗುವುದಿಲ್ಲ. ವೆಂಟಿಲೇಟರ್‌ನಲ್ಲಿಟ್ಟು ಕಾಯಬೇಕು. ಕಾದರೆ ಸರಿಹೋಗುತ್ತಾರೆ, ಆದರೆ ಹೊರಗೆ ಕೂತ ಮನೆಯವರ ಗತಿ ಏನು?

ದಿನನಿತ್ಯ ಈ ಕೊರತೆಯಿಂದ ಏನೂ ಆಗುವುದಿಲ್ಲ, ಅದಕ್ಕೇ ಆಪರೇಷನ್ ಮೇಜಿನವರೆಗೆ ಯಾರಿಗೂ ತಿಳಿದಿರುವುದಿಲ್ಲ. ಸ್ಯೂಡೋಕೋಲಿನ್‌ಎಸ್ಟರೇಸ್ (ಅದೇ ಕಿಣ್ವದ ಇನ್ನೊಂದು ಹೆಸರು) ಎಂಬ ರಕ್ತಪರೀಕ್ಷೆ ಇದೆ, ಮಾಡಿಸಿಕೊಳ್ಳಿ. ಕಡಿಮೆ ಬಂದರೆ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಂಡು, ಅಣ್ಣ ತಮ್ಮ ಅಕ್ಕ ತಂಗಿಯರಿಗೂ ಪರೀಕ್ಷೆ ಮಾಡಿಸಲು ಹೇಳಿ. ಸ್ಕೋಲಿನ್ ಬದಲಿಗೆ ಕೊಡಲು ರೋಕ್ಯುರೋನಿಯಂನಂಥ ಬೇರೆ ಔಷಧಿಗಳಿವೆ.

*

ಪ್ರಶ್ನೆ: ಡೆಂಗಿ ಬಂದಾಗ ನಮ್ಮೂರಲ್ಲಿ ಮಲಾಥಿಯಾನ್ ಹೊಗೆ ಹಾಕಿದರು. ‘ಹುಳಕ್ಕೆ ವಿಷ, ಮನುಷ್ಯರಿಗೆ ಏನೂ ಆಗಲ್ಲ’ ಅಂದರು. ನನ್ನ ಹತ್ತಿರ ಹಳೇ ಮಲಾಥಿಯಾನ್ ಡಬ್ಬ ಇದೆ. ಅಷ್ಟು ಸಾಧು ಅಂದಮೇಲೆ ಇನ್ನೊಂದು ಔಷಧಿ ಜೊತೆ ಒಂದೇ ಡ್ರಮ್ಮಿಗೆ ಬೆರೆಸಿ ಹೊಡೆಯಬಹುದಾ?
– ರೈತರು, ಮಳವಳ್ಳಿ ತಾಲ್ಲೂಕು

ಉತ್ತರ: ಬೇಡಿ ಸ್ವಾಮಿ. ಯಾಕೆ ಎಂದು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಇದು ಜೀವದ ಪ್ರಶ್ನೆ.

ಮಲಾಥಿಯಾನ್ ತಾನಾಗಿ ಅಂಥ ವಿಷವಲ್ಲ. ದೇಹದೊಳಗೆ ಹೋಗಿ ಮಲಾಕ್ಸಾನ್ ಆದಾಗ ನರಗಳನ್ನು ಹಿಡಿಯುತ್ತದೆ. ಅದು ಸೊಳ್ಳೆಯಲ್ಲೂ ಆಗುತ್ತದೆ, ನಮ್ಮಲ್ಲೂ ಆಗುತ್ತದೆ. ವ್ಯತ್ಯಾಸ ಇಷ್ಟೇ: ಮಲಾಥಿಯಾನ್‌ನಲ್ಲಿ ಎಸ್ಟರ್ ಕೊಂಡಿಗಳಿವೆ, ನಮ್ಮ ಲಿವರ್‌ನ ಕಾರ್ಬಾಕ್ಸಿಲ್‌ಎಸ್ಟರೇಸ್ ಅವನ್ನು ಬೇಗ ಕಡಿದು ಮೂತ್ರದಲ್ಲಿ ಹೊರಗೆ ಹಾಕಿಬಿಡುತ್ತದೆ. ಹುಳಗಳಲ್ಲಿ ಆ ಕೆಲಸಕ್ಕೆ ಕಿಣ್ವ ಸಾಲದು. (ಸಾಲುವಷ್ಟು ಬೆಳೆಸಿಕೊಂಡ ಸೊಳ್ಳೆಗಳೂ ಇವೆ. ಅವಕ್ಕೆ ಔಷಧಿ ನಾಟುವುದಿಲ್ಲ.) ನಿಮಗೆ ‘ಏನೂ ಆಗಲ್ಲ’ ಎಂದವರು ನಿಮ್ಮ ಈ ಒಂದು ಕಿಣ್ವವನ್ನು ನಂಬಿ ಹೇಳಿದ್ದು.

ಈಗ ಡ್ರಮ್ಮಿಗೆ ಬನ್ನಿ. ಮಲಾಥಿಯಾನ್ ಸೇರಿರುವ ಆರ್ಗನೋಫಾಸ್ಫೇಟ್ ಗುಂಪಿನ ಬೇರೆ ಔಷಧಿಗಳು ಈ ಕಿಣ್ವಕ್ಕೇ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡಿಬಿಡುತ್ತವೆ. ಆಮೇಲೆ ಮಲಾಥಿಯಾನ್ ಕಡಿಯಲು ಯಾರೂ ಇಲ್ಲ. 1957ರಲ್ಲೇ ಪ್ರಯೋಗಶಾಲೆಯಲ್ಲಿ ಇದನ್ನು ಕಂಡಿದ್ದರು: ಇಪಿಎನ್ ಎಂಬ ಕೀಟನಾಶಕದ ಜೊತೆ ಮಲಾಥಿಯಾನ್ ಕೊಟ್ಟಾಗ ಎರಡರ ವಿಷ ಕೂಡಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ವಿಷವಾಯಿತು.

ಹಳೇ ಡಬ್ಬದ ಕಥೆ ಇನ್ನೂ ಕೆಟ್ಟದ್ದು. ಬಿಸಿಲಲ್ಲಿ, ಸೆಕೆಯಲ್ಲಿ ಬಹಳ ದಿನ ಕೂತ ಮಲಾಥಿಯಾನ್‌ನಲ್ಲಿ ಐಸೋಮಲಾಥಿಯಾನ್ ಹುಟ್ಟುತ್ತದೆ. ಅದು ಕಾರ್ಬಾಕ್ಸಿಲ್‌ಎಸ್ಟರೇಸನ್ನೇ ಕಟ್ಟಿಹಾಕುತ್ತದೆ. 1976ರಲ್ಲಿ ಪಾಕಿಸ್ತಾನದ ಮಲೇರಿಯಾ ನಿಯಂತ್ರಣದಲ್ಲಿ ಇಂಥ ಕೆಟ್ಟುಹೋದ ಪುಡಿಯನ್ನು ಸಿಂಪಡಿಸಿದ ಸುಮಾರು 7,500 ಕೆಲಸಗಾರರಲ್ಲಿ 2,800ರಷ್ಟು ಜನರಿಗೆ ವಿಷವೇರಿತು, ಐವರು ಸತ್ತರು. ಬೇರೆ ವಿಷ ಯಾರೂ ಬೆರೆಸಿರಲಿಲ್ಲ, ‘ಸಾಧು’ ಮಲಾಥಿಯಾನೇ.

ನಿಮ್ಮ ಡಬ್ಬವನ್ನು ನಾಲೆಗೆ ಸುರಿಯಬೇಡಿ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಸಿಂಪಡಿಸಿದ ಮೇಲೆ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು ಕಂಡರೆ ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತೊಳೆದು, ಡಬ್ಬದ ಲೇಬಲ್ ಸಮೇತ ಆಸ್ಪತ್ರೆಗೆ ಹೋಗಿ. ಅಟ್ರೋಪಿನ್ ಇಂಜೆಕ್ಷನ್ ಬೇಗ ಸಿಕ್ಕಷ್ಟೂ ಒಳ್ಳೆಯದು. ಮಜ್ಜಿಗೆ, ನಿಂಬೆಹುಳಿ ಎಂದು ಮನೆಯಲ್ಲಿ ಹೊತ್ತು ಕಳೆಯಬೇಡಿ.

*

ಪ್ರಶ್ನೆ: ಅಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಇರಿನೊಟೆಕಾನ್ ಕೊಡುತ್ತಿದ್ದಾರೆ. ಅದು ನಮ್ಮ ಮಲೆನಾಡಿನ ದುರ್ವಾಸನೆ ಮರದಿಂದ ಬಂದಿದ್ದಂತೆ. ಆ ಮರದ ಚಕ್ಕೆಯ ಕಷಾಯ ಕೊಟ್ಟರೆ ಖರ್ಚು ಉಳಿಯುತ್ತದೆಯೇ?
– ನಂಜನಗೂಡು

ಉತ್ತರ: ದಯವಿಟ್ಟು ಕೊಡಬೇಡಿ. ಆ ಮರದಲ್ಲಿ ಕ್ಯಾಂಪ್ಟೋಥೆಸಿನ್ ಇರುವುದು ನಿಜ. 1966ರಲ್ಲಿ ಅಮೆರಿಕದಲ್ಲಿ ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾನಿ ಇದನ್ನು ಮೊದಲು ಚೀನಾದ ಒಂದು ಮರದಿಂದ ಬೇರ್ಪಡಿಸಿದರು. ಆದರೆ ಅದನ್ನೇ ನೇರವಾಗಿ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಿಂದ ರಕ್ತ, ಬಿಳಿ ರಕ್ತಕಣಗಳ ಕುಸಿತ ಕಂಡು ಕೈಬಿಡಬೇಕಾಯಿತು. ನೀರಲ್ಲಿ ಕರಗುವಂತೆ ತಿದ್ದಿದ ರೂಪ ಇರಿನೊಟೆಕಾನ್. ಇದನ್ನು ಕಾರ್ಬಾಕ್ಸಿಲ್‌ಎಸ್ಟರೇಸ್, ಮುಖ್ಯವಾಗಿ ಎರಡನೆಯದು, ಕಡಿದಾಗ ಬರುವ ತುಂಡು ಇರಿನೊಟೆಕಾನ್‌ಗಿಂತ ನೂರರಿಂದ ಸಾವಿರ ಪಟ್ಟು ತೀಕ್ಷ್ಣ. ಕರುಳಿಗೆ ಬಂದು ಸೇರಿದ ಆ ತುಂಡೇ ಅಮ್ಮನವರಿಗೆ ಆಗಬಹುದಾದ ಭೇದಿಗೂ ಕಾರಣ. ಭೇದಿ ಶುರುವಾದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ, ವಾರ್ಡಿನ ನಂಬರಿಗೆ ಫೋನ್ ಮಾಡಿ. ಖರ್ಚಿನ ವಿಷಯಕ್ಕೆ ಆಸ್ಪತ್ರೆಯ ಆಯುಷ್ಮಾನ್ ಕೌಂಟರ್‌ನಲ್ಲಿ ಕೇಳಿ.

*

ಪ್ರಶ್ನೆ: ಮೇಡಂ, ನಾನು ಎಂ.ಫಾರ್ಮ್ ವಿದ್ಯಾರ್ಥಿ. ಎಸ್ಟರ್ ಪ್ರೋಡ್ರಗ್ (ಒಳಗೆ ಹೋದ ಮೇಲೆ ಔಷಧಿಯಾಗುವ ವಸ್ತು) ಒಂದನ್ನು ಇಲಿಗಳಿಗೆ ಕೊಟ್ಟರೆ ರಕ್ತದಲ್ಲಿ ಕೊಟ್ಟ ಆ ವಸ್ತು ಸಿಗುತ್ತಲೇ ಇಲ್ಲ. ಪ್ರಾಜೆಕ್ಟ್ ಬದಲಿಸಲಾ?
– ಮೈಸೂರು

ಉತ್ತರ: ಬದಲಿಸಬೇಡ ಕಣಪ್ಪ. ಇಲಿಯ ಪ್ಲಾಸ್ಮಾದಲ್ಲಿ ಕಾರ್ಬಾಕ್ಸಿಲ್‌ಎಸ್ಟರೇಸ್ ತುಂಬಿರುತ್ತದೆ. ಮನುಷ್ಯನ ಪ್ಲಾಸ್ಮಾದಲ್ಲಿ ಅದು ಇಲ್ಲ. ನೀನು ರಕ್ತ ತೆಗೆದು ಟ್ಯೂಬಿನಲ್ಲಿಟ್ಟು ಟೀ ಕುಡಿದು ಬರುವಷ್ಟರಲ್ಲಿ ಟ್ಯೂಬಿನೊಳಗೇ ಔಷಧಿ ಖಾಲಿಯಾಗಿರುತ್ತದೆ. ಟ್ಯೂಬನ್ನು ಐಸ್ ಮೇಲೆ ಹಿಡಿ, ಮೊದಲೇ ಅದರಲ್ಲಿ ಎಸ್ಟರೇಸ್ ತಡೆಯುವ ಬಿಸ್-ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್ ಹಾಕಿಡು. ನಾಯಿಗೆ ಬದಲಿಸೋಣ ಅಂತ ನಿನ್ನ ಗೈಡ್ ಹೇಳಿದರೆ, ಬೀಗಲ್ ನಾಯಿಯ ಸಣ್ಣ ಕರುಳಿನಲ್ಲಿ ಈ ಕಿಣ್ವದ ಚಟುವಟಿಕೆ ಇಲ್ಲವೆನ್ನುವಷ್ಟು ಕಡಿಮೆ ಎಂದು ವಿನಯದಿಂದ ತಿಳಿಸು. ಮನುಷ್ಯನ ಲಿವರ್ ಮತ್ತು ಕರುಳಿನ ಮೈಕ್ರೋಸೋಮ್ (ಜೀವಕೋಶ ಒಡೆದು ತೆಗೆದ, ಕಿಣ್ವಗಳಿರುವ ಭಾಗ) ತರಿಸಿ ಒಂದು ಸಲ ಹೋಲಿಸಿ ನೋಡು. ಥೀಸಿಸ್‌ನ ಒಳ್ಳೆಯ ಅಧ್ಯಾಯ ಅಲ್ಲೇ ಸಿಗುತ್ತದೆ.

*

ಪ್ರಶ್ನೆ: ಮಾತ್ರೆ ನುಂಗಿ ಒಂದು ಗಂಟೆ ಬಿಟ್ಟು ಗುಂಡು ಹಾಕಿದರೆ ಪರವಾಗಿಲ್ಲ ತಾನೇ?
– ಹೆಸರು ಬೇಡ, ಪಾಂಡವಪುರ

ಉತ್ತರ: ಒಂದು ಗಂಟೆಯ ಲೆಕ್ಕ ಯಾರು ಹೇಳಿಕೊಟ್ಟರೋ! ಆಲ್ಕೋಹಾಲ್ ಇದ್ದಾಗ ಲಿವರ್‌ನ ಕಾರ್ಬಾಕ್ಸಿಲ್‌ಎಸ್ಟರೇಸ್‌ನ ಕೆಲಸ ತಗ್ಗುತ್ತದೆ. ಅಷ್ಟೇ ಅಲ್ಲ, ನೀರಿನ ಬದಲು ಆಲ್ಕೋಹಾಲನ್ನೇ ಔಷಧಿಗೆ ಕೂಡಿಸಿ ಹೊಸ ವಸ್ತು ಹುಟ್ಟಿಸುವ ಚಾಳಿಯೂ ಅದಕ್ಕಿದೆ. ಕೊಕೇನ್ ಜೊತೆ ಕುಡಿದವರಲ್ಲಿ ಹೀಗೆ ಕೋಕಾಈಥಿಲೀನ್ ಹುಟ್ಟಿ ಹೃದಯಕ್ಕೆ ಹೊಡೆತ ಕೊಡುತ್ತದೆ. ಮಕ್ಕಳ ಏಕಾಗ್ರತೆಯ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್ ಕೂಡ ಆಲ್ಕೋಹಾಲ್ ಜೊತೆ ಈಥೈಲ್‌ಫೆನಿಡೇಟ್ ಆಗುತ್ತದೆ, ರಕ್ತದಲ್ಲಿ ಮೂಲ ಔಷಧಿಯ ಮಟ್ಟವೂ ಏರುತ್ತದೆ. ನಿಮ್ಮ ಮಾತ್ರೆ ಯಾವುದು ಎಂದು ನೀವು ಬರೆದಿಲ್ಲ. ಬರೆದು ಕಳಿಸಿ, ನೇರ ಉತ್ತರ ಕೊಡುತ್ತೇನೆ. ಅಲ್ಲಿಯವರೆಗೆ ಬಾಟಲಿ ಬೀರುವಿನಲ್ಲೇ ಇರಲಿ.